ಮಡಿಕೇರಿಯ ಗಾಳಿ ಎಂಬತ್ತೆಂಟು: ಟರ್ಬೊ ಒತ್ತಡ ಬಿದ್ದಾಗ ಹುಡುಕುವ ಬಗೆ

ಎಲ್ಲರಿಗೂ ನಮಸ್ಕಾರ.

"ಪಿಕಪ್ ಇಲ್ಲ ಸಾರ್. ಸಂಪಾಜೆ ಘಾಟಿಯಲ್ಲಿ ಎರಡನೇ ಗೇರಿಗೆ ಇಳಿಸಿದರೂ ಎಳೆಯಲ್ಲ." ಟರ್ಬೊ ಗಾಡಿಯ ದೂರು ಗ್ಯಾರೇಜಿಗೆ ಬರುವುದು ಹೆಚ್ಚುಕಡಿಮೆ ಇದೇ ಮಾತಿನಲ್ಲಿ. ಬಾನೆಟ್ ಎತ್ತುವ ಮೊದಲೇ ಸಿಗುವ ಉತ್ತರವೂ ಸಾಮಾನ್ಯವಾಗಿ ಒಂದೇ: "ಟರ್ಬೊ ಹೋಗಿದೆ." ಹೋಗಿರಲೂಬಹುದು. ಆದರೆ ಒತ್ತಡ ಬಿದ್ದ ಗಾಡಿಯಲ್ಲಿ ಟರ್ಬೊ ಮೇಲೆ ಕೊನೆಗೆ ಅನುಮಾನ ಪಡಬೇಕು. ಸೀಳಿದ ಹೋಸು, ಸಡಿಲ ಕ್ಲಾಂಪು, ಇಲಿ ಕಡಿದ ವ್ಯಾಕ್ಯೂಮ್ ಪೈಪು, ಕಟ್ಟಿಕೊಂಡ ಫಿಲ್ಟರು ಇವೆಲ್ಲ ಅದಕ್ಕಿಂತ ಮೊದಲು ಸಾಲಿನಲ್ಲಿ ನಿಂತಿವೆ. ಎಲ್ಲವನ್ನೂ ಒಂದೊಂದಾಗಿ ಬಿಚ್ಚಿ ನೋಡುವ ಕಷ್ಟವೂ ಬೇಕಿಲ್ಲ. ಮೂರು ಅಂಕೆಗಳನ್ನು ಪಕ್ಕಪಕ್ಕ ಇಟ್ಟರೆ ಯಾವ ಕಡೆ ಕೈ ಹಾಕಬೇಕು ಎನ್ನುವುದು ಗೊತ್ತಾಗುತ್ತದೆ. ಇವತ್ತಿನ ಮಾತೆಲ್ಲ ಆ ಮೂರು ಅಂಕೆಗಳ ಸುತ್ತ.

ಟರ್ಬೊ ಕೆಲಸ ಮಾಡುವ ರೀತಿ ನಿಮಗೆ ಗೊತ್ತಿರುವುದೇ. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಅದುಮಿ ಒಳಗೆ ಕಳಿಸುತ್ತದೆ. ಸಣ್ಣ ಕಾರಿನ ಟರ್ಬೊ ನಿಮಿಷಕ್ಕೆ ಎರಡು ಲಕ್ಷ ಸುತ್ತು ದಾಟುವುದುಂಟು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ನಮ್ಮಂಥ ಗುಡ್ಡದವರಿಗೆ ಬೇಕಾದ ವರ್ಷ ಮಾತ್ರ 1918. ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಆ ವರ್ಷ ವಿಮಾನದ ಎಂಜಿನ್ ಒಂದಕ್ಕೆ ಟರ್ಬೊ ಕಟ್ಟಿ, ಸುಮಾರು 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಒಯ್ದು ಓಡಿಸಿ ನೋಡಿದರು. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ, ಎಂಜಿನ್ನಿನ ಬಲ ಇಳಿಯುತ್ತದೆ. ಆ ಕೊರತೆಯನ್ನು ಟರ್ಬೊ ತುಂಬಿಕೊಡುತ್ತದೆಯೇ ಎಂಬುದೇ ಅಂದಿನ ಪ್ರಶ್ನೆ. ಕೊಡಗಿನಲ್ಲಿ ಟರ್ಬೊ ಗಾಡಿಯನ್ನು ಪರೀಕ್ಷಿಸುವಾಗ ನಮ್ಮ ಲೆಕ್ಕವೂ ಅಲ್ಲಿಂದಲೇ ಶುರುವಾಗಬೇಕು.

ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ

ಗಾಡಿಯ ಕಂಪ್ಯೂಟರಿನ ಅಂಕೆ ಓದುವ ಸ್ಕ್ಯಾನರ್ ಹಾಕಿ, ಇಗ್ನಿಷನ್ ಆನ್ ಮಾಡಿ, ಎಂಜಿನ್ ಓಡಿಸದೆ, ಒಳಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ಅಂಕೆ ಓದಿ. ಎಂಜಿನ್ ನಿಂತಿರುವಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಅದು ಸುಮಾರು 101 ಕಿಲೋಪ್ಯಾಸ್ಕಲ್. ಕುಶಾಲನಗರದಲ್ಲಿ 92ರ ಆಸುಪಾಸು. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿರುವ ಮಡಿಕೇರಿಯಲ್ಲಿ 88. ಹವಾಮಾನದಿಂದ ಒಂದೆರಡು ಅಂಕೆ ಅತ್ತಿತ್ತ ಆಗಬಹುದು, ಅಷ್ಟೆ. ಮಡಿಕೇರಿಯ ಗ್ಯಾರೇಜಿನಲ್ಲಿ ನಿಂತ ಗಾಡಿಯ ಮ್ಯಾಪ್ ಸೆನ್ಸರ್ 101 ಎಂದರೆ ಅದು ಸುಳ್ಳು ಹೇಳುತ್ತಿದೆ. 75 ಎಂದರೂ ಸುಳ್ಳೇ. ಕಂಪ್ಯೂಟರಿನೊಳಗೆ ಹೊರಗಾಳಿಯ ಒತ್ತಡ ಅಳೆಯುವ ಬೇರೆ ಸೆನ್ಸರ್ ಇದ್ದರೆ ಅದನ್ನೂ ಓದಿ. ಎರಡರ ನಡುವೆ ಎರಡು ಮೂರು ಕಿಲೋಪ್ಯಾಸ್ಕಲ್‌ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಮೊದಲು ಸೆನ್ಸರ್, ಅದರ ಕನೆಕ್ಟರ್ ಮತ್ತು ವೈರ್ ನೋಡಿ. ಡೀಸೆಲ್ ಗಾಡಿಗಳಲ್ಲಿ ಮ್ಯಾಪ್ ಸೆನ್ಸರಿನ ಮೂತಿಗೆ ಎಣ್ಣೆ ಮಸಿ ಮೆತ್ತಿಕೊಂಡು ರಂಧ್ರ ಅರ್ಧ ಮುಚ್ಚಿರುವುದು ತೀರಾ ಸಾಮಾನ್ಯ. ಎಲೆಕ್ಟ್ರಾನಿಕ್ ಭಾಗಗಳಿಗೆಂದೇ ಇರುವ ಕ್ಲೀನರ್ ಸ್ಪ್ರೇ ಹೊಡೆದು ತೊಳೆಯಿರಿ; ತಂತಿ, ಸೂಜಿ ಚುಚ್ಚಬೇಡಿ.

ಇಲ್ಲಿ ಲೆಕ್ಕ ತಪ್ಪುವ ಜಾಗ ಒಂದಿದೆ. ಕೆಲವು ಸ್ಕ್ಯಾನರುಗಳು ಒಟ್ಟು ಒತ್ತಡವನ್ನು ತೋರಿಸುತ್ತವೆ, ಕೆಲವು ಹೊರಗಾಳಿಯನ್ನು ಕಳೆದು ಉಳಿದದ್ದನ್ನು. ಒಟ್ಟು 200 ಕಿಲೋಪ್ಯಾಸ್ಕಲ್ ಎಂದರೆ ಮಂಗಳೂರಿನಲ್ಲಿ ಟರ್ಬೊ ಸೇರಿಸಿದ್ದು 99, ಮಡಿಕೇರಿಯಲ್ಲಿ 112. ಅದೇ 200ಕ್ಕೆ ತಲುಪಲು ಟರ್ಬೊ ಕೆಳಗೆ ಗಾಳಿಯನ್ನು ಎರಡು ಪಟ್ಟು ಅದುಮಿದರೆ ಸಾಕು, ಇಲ್ಲಿ ಎರಡೂ ಕಾಲು ಪಟ್ಟಿಗಿಂತ ತುಸು ಹೆಚ್ಚೇ ಅದುಮಬೇಕು. ಕರಾವಳಿಯಲ್ಲಿ ಹೇಗೋ ನಡೆದುಕೊಂಡು ಹೋಗುತ್ತಿದ್ದ ಸಣ್ಣ ಸೋರಿಕೆ ಘಾಟಿ ಹತ್ತುವಾಗ ಬಾಯಿ ಬಿಡುವುದು ಇದರಿಂದಲೇ. "ಕೆಳಗೆ ಚೆನ್ನಾಗಿ ಓಡುತ್ತೆ, ಮೇಲೆ ಬಂದಾಗ ಮಾತ್ರ ತೊಂದರೆ" ಎನ್ನುವ ಗಿರಾಕಿಯನ್ನು ನಂಬಿ.

ಹಲವು ಡೀಸೆಲ್ ಟರ್ಬೊಗಳ ಹಿಡಿತ ನಡೆಯುವುದು ವ್ಯಾಕ್ಯೂಮ್ ಎಳೆತದಿಂದ; ಅದನ್ನು ಅಳೆಯುವ ಗೇಜಿಗೂ ಇದೇ ಮಾತು. ಸಮುದ್ರಮಟ್ಟದಲ್ಲಿ ಡೀಸೆಲ್ ಎಂಜಿನ್ನಿನ ಒಳ್ಳೆಯ ವ್ಯಾಕ್ಯೂಮ್ ಪಂಪು 27 ಇಂಚು ಪಾದರಸದವರೆಗೆ ಎಳೆಯುತ್ತದೆ. ಮಡಿಕೇರಿಯ ಗಾಳಿಯ ಒಟ್ಟು ಭಾರವೇ 26 ಇಂಚು. ಇರುವುದಕ್ಕಿಂತ ಹೆಚ್ಚು ಎಳೆಯಲು ಯಾವ ಪಂಪಿಗೂ ಆಗದು. ಇಲ್ಲಿ 23ರಿಂದ 24 ಬಂದರೆ ಪಂಪು ಗಟ್ಟಿಯಾಗಿದೆ ಎಂದೇ ಅರ್ಥ. ಪುಸ್ತಕದ ಅಂಕೆ ನೋಡಿ ಇಲ್ಲಿನ ಒಳ್ಳೆಯ ಪಂಪನ್ನು ಬಿಚ್ಚಿ ಎಸೆಯಬೇಡಿ.

ಓಡಿಸಿ ಅಳೆಯುವುದು

ನಿಂತ ಗಾಡಿಯಲ್ಲಿ ಆಕ್ಸಿಲರೇಟರ್ ತುಳಿದು ಬೂಸ್ಟ್, ಅಂದರೆ ಟರ್ಬೊ ಸೇರಿಸುವ ಒತ್ತಡ, ನೋಡುವುದರಿಂದ ಏನೂ ತಿಳಿಯುವುದಿಲ್ಲ. ಎಂಜಿನ್ನಿಗೆ ಹೊರೆ ಇಲ್ಲದೆ ಒತ್ತಡ ಏರದು. ಗಾಡಿಯನ್ನು ರಸ್ತೆಗೆ ತೆಗೆದುಕೊಂಡು ಹೋಗಬೇಕು, ಇಬ್ಬರು ಇರಬೇಕು. ಓಡಿಸುವವರು ಸ್ಕ್ಯಾನರ್ ಕಡೆ ತಿರುಗಿಯೂ ನೋಡಬಾರದು. ಅಂಕೆಗಳನ್ನು ರೆಕಾರ್ಡ್ ಮಾಡಿ, ಬಂದ ಮೇಲೆ ಕೂತು ಓದಿ. ಘಾಟಿಯ ತಿರುವುಗಳಲ್ಲಿ ಈ ಕೆಲಸ ಬೇಡ. ಕುಶಾಲನಗರದ ಕಡೆಯ ನೇರ ರಸ್ತೆಯಲ್ಲಿ, ಟ್ರಾಫಿಕ್ ಕಡಿಮೆ ಇರುವ ಹೊತ್ತಿನಲ್ಲಿ, ಮೂರನೇ ಗೇರಿನಲ್ಲಿ 1,500 ಸುತ್ತಿನಿಂದ ಆಕ್ಸಿಲರೇಟರ್ ಪೂರ್ತಿ ತುಳಿದು 3,000ದವರೆಗೆ ಎಳೆಸಿ. ಕೆಲವು ಸೆಕೆಂಡಿನ ಕೆಲಸ. ಎಂಜಿನ್ ಪೂರ್ತಿ ಬಿಸಿಯಾಗಿರಲಿ. ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಅಳಿಸುವ ಮೊದಲು ಬರೆದಿಟ್ಟುಕೊಳ್ಳಿ. ಕೋಡ್ ಬಿದ್ದ ಗಳಿಗೆಯ ಸುತ್ತು, ಹೊರೆ, ಒತ್ತಡ ಎಲ್ಲವೂ ಫ್ರೀಜ್ ಫ್ರೇಮಿನಲ್ಲಿ ಇರುತ್ತವೆ, ಅಳಿಸಿದರೆ ಹೋದವು.

ರೆಕಾರ್ಡ್ ಮಾಡಬೇಕಾದದ್ದು ಎಂಜಿನ್ ಸುತ್ತು, ಕಂಪ್ಯೂಟರ್ ಬಯಸಿದ ಒತ್ತಡ, ನಿಜವಾಗಿ ಬಂದ ಒತ್ತಡ, ಏರ್ ಫಿಲ್ಟರಿನ ಬಳಿಯ ಮ್ಯಾಫ್ ಸೆನ್ಸರ್ ಎಣಿಸಿದ ಗಾಳಿಯ ತೂಕ, ಟರ್ಬೊವನ್ನು ಹಿಡಿತದಲ್ಲಿಡುವ ಆಕ್ಚುಯೇಟರಿಗೆ ಕಂಪ್ಯೂಟರಿನಿಂದ ಹೋಗುತ್ತಿರುವ ಆಜ್ಞೆ. ಬಯಸಿದ ಒತ್ತಡಕ್ಕೂ ಬಂದ ಒತ್ತಡಕ್ಕೂ ಅಂತರ ಇದ್ದರೆ ದೂರು ನಿಜ. ಪಿ 0299 ಕೋಡ್ ಬೀಳುವುದು ಇದಕ್ಕೇ. ಅಂತರವೇ ಇಲ್ಲದಿದ್ದರೆ ಟರ್ಬೊ ಬದಿಯನ್ನು ಬಿಟ್ಟು ಡೀಸೆಲ್ ಫಿಲ್ಟರ್, ಇಂಜೆಕ್ಟರ್, ಕ್ಲಚ್ಚು, ಹಿಡಿದುಕೊಂಡ ಬ್ರೇಕಿನ ಕಡೆ ಹೋಗಿ.

ಈಗ ಆ ಮೂರು ಅಂಕೆಗಳು: ಒತ್ತಡ, ಗಾಳಿಯ ತೂಕ, ಆಜ್ಞೆ.

1.5 ಲೀಟರಿನ ಡೀಸೆಲ್ ಎಂಜಿನ್ ತೆಗೆದುಕೊಳ್ಳಿ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಅಳತೆಯಷ್ಟು ಗಾಳಿ ನುಂಗುತ್ತದೆ. 3,000 ಸುತ್ತಿನಲ್ಲಿ ಅದು ನಿಮಿಷಕ್ಕೆ 2,250 ಲೀಟರ್, ಸೆಕೆಂಡಿಗೆ 37.5 ಲೀಟರ್. ಒಟ್ಟು ಒತ್ತಡ 200 ಕಿಲೋಪ್ಯಾಸ್ಕಲ್, ಅದುಮಿ ಬಿಸಿಯಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ದಾಟಿದ ಗಾಳಿಯ ಬಿಸಿ 50 ಡಿಗ್ರಿ ಇದ್ದರೆ ಒಂದು ಲೀಟರ್ ಗಾಳಿ ಸುಮಾರು 2.16 ಗ್ರಾಂ ತೂಗುತ್ತದೆ. ಗುಣಿಸಿದರೆ 81 ಗ್ರಾಂ. ಸಿಲಿಂಡರ್ ಯಾವತ್ತೂ ನೂರಕ್ಕೆ ನೂರು ತುಂಬುವುದಿಲ್ಲ, ಹಾಗಾಗಿ ಸೆಕೆಂಡಿಗೆ ಸುಮಾರು 70 ಗ್ರಾಂ ಎಂದಿಟ್ಟುಕೊಳ್ಳಿ. ಒತ್ತಡ 140ಕ್ಕೆ ಬಿದ್ದರೆ ಅದೇ ಎಂಜಿನ್ ನುಂಗುವುದು 49 ಗ್ರಾಂ ಆಸುಪಾಸು.

ಒತ್ತಡ 140 ಮಾತ್ರ ಇದೆ, ಆದರೆ ಮ್ಯಾಫ್ ಸೆನ್ಸರ್ 70 ಗ್ರಾಂ ಎನ್ನುತ್ತಿದೆ. ಫಿಲ್ಟರಿನ ಬಳಿ ಎಣಿಸಿದ 70ರಲ್ಲಿ ಎಂಜಿನ್ನಿಗೆ ಸೇರಿದ್ದು 49. ಉಳಿದ 21 ಗ್ರಾಂ ದಾರಿಯಲ್ಲಿ ಎಲ್ಲೋ ಹೊರಗೆ ಹೋಯಿತು. ಇದು ಸೋರಿಕೆ, ಅದೂ ಟರ್ಬೊ ಆದ ಮೇಲಿನ ಪೈಪಿನಲ್ಲಿ. ಆಜ್ಞೆಯೂ ತುತ್ತತುದಿಯಲ್ಲಿರುತ್ತದೆ, ಏಕೆಂದರೆ ಕಂಪ್ಯೂಟರ್ ಇನ್ನೂ ಬೇಕು, ಇನ್ನೂ ಬೇಕು ಎಂದು ಟರ್ಬೊವನ್ನು ಅಟ್ಟುತ್ತಿದೆ.

ಒತ್ತಡವೂ 140, ಗಾಳಿಯೂ 49 ಎಂದಾದರೆ ಎರಡು ಅಂಕೆ ಒಂದಕ್ಕೊಂದು ಒಪ್ಪುತ್ತಿವೆ. ದಾರಿಯಲ್ಲಿ ಏನೂ ಕಳೆದಿಲ್ಲ. ಟರ್ಬೊ ಗಾಳಿಯನ್ನೇ ಒತ್ತುತ್ತಿಲ್ಲ, ಇಲ್ಲವೇ ಅದಕ್ಕೆ ಗಾಳಿ ಸಿಗುತ್ತಿಲ್ಲ. ಸೋರಿಕೆ ಹುಡುಕುತ್ತಾ ಹೊತ್ತು ಕಳೆಯದೆ ಏರ್ ಫಿಲ್ಟರ್, ಆಕ್ಚುಯೇಟರ್, ಸೈಲೆನ್ಸರ್ ಬದಿ ನೋಡಿ. ಒತ್ತಡ ಸರಿಯಾಗಿ 200 ಇದ್ದು ಮ್ಯಾಫ್ 50 ಎಂದರೆ ಕೊಳೆಯಾದ ಮ್ಯಾಫ್ ಸೆನ್ಸರ್, ಅಥವಾ ಅದಕ್ಕೂ ಟರ್ಬೊಗೂ ನಡುವಿನ ಹೋಸು ಬಾಯಿ ಬಿಟ್ಟು ಎಣಿಕೆಗೆ ಸಿಗದ ಗಾಳಿ ಒಳಗೆ ನುಗ್ಗುತ್ತಿದೆ. ಆ ಹೋಸಿನ ಮೂಲಕ ಬರುವುದು ಫಿಲ್ಟರ್ ಆಗದ ಧೂಳು, ಟರ್ಬೊ ಚಕ್ರದ ಅಂಚನ್ನು ತಿನ್ನುವುದು ಅದೇ. ಈ ಲೆಕ್ಕಕ್ಕೆ ಒಂದು ಷರತ್ತಿದೆ: ಪೂರ್ತಿ ತುಳಿದಾಗ ಸುಟ್ಟ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಮುಚ್ಚಿರಬೇಕು. ಅದು ತೆರೆದೇ ಕಚ್ಚಿಕೊಂಡಿದ್ದರೆ ಸಿಲಿಂಡರಿನೊಳಗೆ ಸುಟ್ಟ ಹೊಗೆ ತುಂಬಿ ಮ್ಯಾಫ್ ಅಂಕೆ ಇಳಿಯುತ್ತದೆ. ಹಾಗಾಗಿ ಅದರ ಸ್ಥಾನವನ್ನೂ ರೆಕಾರ್ಡಿಗೆ ಸೇರಿಸಿಕೊಳ್ಳಿ.

ಸೋರಿಕೆ ಹುಡುಕುವುದು

ಕಣ್ಣಿಗೆ ಮೊದಲು ಕೆಲಸ ಕೊಡಿ. ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ಪೈಪಿನ ಒಳಗೆ ತೆಳು ಎಣ್ಣೆ ಪಸೆ ಇರುವುದು ಸಹಜ. ಸೋರುವಲ್ಲಿ ಅದು ಹೊರಗೆ ಚಿಮ್ಮಿ, ಧೂಳು ಹಿಡಿದು ಕಪ್ಪು ಜಿಡ್ಡಿನ ಗುರುತು ಬಿಡುತ್ತದೆ. ಇಂಟರ್‌ಕೂಲರಿನ ಕೆಳಮೂಲೆಗಳು, ಪ್ಲಾಸ್ಟಿಕ್ ತುದಿ ಅಲ್ಯುಮಿನಿಯಮ್ಮಿಗೆ ಕೂಡುವ ಅಂಚು, ಕ್ವಿಕ್ ಲಾಕಿನೊಳಗಿನ ಓ ರಿಂಗ್, ಹೋಸು ಬೇರೊಂದು ಭಾಗಕ್ಕೆ ಉಜ್ಜುವ ಜಾಗ ಇವನ್ನು ಬಿಡದೆ ನೋಡಿ. ಎಣ್ಣೆ ಕುಡಿದ ರಬ್ಬರ್ ಮೆತ್ತಗಾಗಿ ಊದಿಕೊಂಡಿರುತ್ತದೆ. ಹಿಸುಕಿದರೆ ಕೈಗೆ ತಿಳಿಯುತ್ತದೆ. ಹೋಸಿನ ಕೆಳಹೊಟ್ಟೆಯನ್ನು ಬೆರಳಿನಿಂದ ಸವರಿ, ಕನ್ನಡಿ ಹಿಡಿದು ನೋಡಿ. ಉದ್ದುದ್ದ ಸೀಳು ಐಡಲ್‌ನಲ್ಲಿ ತುಟಿ ಮುಚ್ಚಿಕೊಂಡು, ಒತ್ತಡ ಏರಿದಾಗ ಮಾತ್ರ ತೆರೆದುಕೊಳ್ಳುತ್ತದೆ.

ಕಣ್ಣಿಗೆ ಸಿಗದಿದ್ದರೆ ಗಾಳಿ ತುಂಬಿಸಿ. ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಎಂಡ್ ಕ್ಯಾಪಿಗೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿದರೆ ಪರೀಕ್ಷೆಯ ಮುಚ್ಚಳ ತಯಾರು. ಎಂಜಿನ್ ಆಫ್ ಮಾಡಿ, ಮ್ಯಾಫ್ ಸೆನ್ಸರ್ ಆದ ಮೇಲಿನ ಹೋಸಿನ ಬಾಯಿಗೆ ಅದನ್ನು ಕ್ಲಾಂಪಿನಿಂದ ಬಿಗಿಯಿರಿ. ಎಂಜಿನ್ನಿನೊಳಗಿನ ಆವಿ ಹೊರಬಿಡುವ ಬ್ರೀದರ್ ಪೈಪು ಆ ಹೋಸಿಗೆ ಸೇರುವಲ್ಲಿ ಬಿಚ್ಚಿ ಹೋಸಿನ ಆ ಬಾಯಿ ಮುಚ್ಚಿ, ಆಯಿಲ್ ಹಾಕುವ ಮುಚ್ಚಳ ತೆಗೆದಿಡಿ. ಇಲ್ಲದಿದ್ದರೆ ಗಾಳಿ ಆಯಿಲ್ ಬದಿಗೆ ಹೋಗಿ ಕ್ರ್ಯಾಂಕ್ ಸೀಲ್ ಕಿತ್ತು ಬರುತ್ತದೆ, ಪರೀಕ್ಷೆಗೆಂದು ಬಂದ ಗಾಡಿಗೆ ಹೊಸ ರಿಪೇರಿ ಹುಟ್ಟುತ್ತದೆ. ಕಂಪ್ರೆಸರ್ ಗಾಳಿಯನ್ನು ಕಡ್ಡಾಯವಾಗಿ ರೆಗ್ಯುಲೇಟರ್ ಮೂಲಕವೇ ಬಿಡಿ. ಮೊದಲು 0.3 ಬಾರ್, ಎಲ್ಲ ಗಟ್ಟಿಯಾಗಿ ನಿಂತರೆ ನಿಧಾನವಾಗಿ ಏರಿಸುತ್ತಾ ಹೆಚ್ಚೆಂದರೆ 1 ಬಾರ್. ಟೈರಿಗೆ ಹೊಡೆಯುವ ಒತ್ತಡವನ್ನು ನೇರ ಬಿಟ್ಟರೆ ಮುಚ್ಚಳ ಗುಂಡಿನ ಹಾಗೆ ಹಾರುತ್ತದೆ. ಮುಚ್ಚಳದ ನೇರಕ್ಕೆ ಮುಖ ಒಡ್ಡಬೇಡಿ.

ಆಮೇಲೆ ಸೋಪು ನೀರು ಸಿಂಪಡಿಸಿ, ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಸೈಲೆನ್ಸರಿನಿಂದ ಅಥವಾ ಆಯಿಲ್ ಬಾಯಿಯಿಂದ ಸಣ್ಣ 'ಸುಯ್' ಬಂದರೆ ಗಾಬರಿ ಬೇಡ. ಯಾವುದೋ ಸಿಲಿಂಡರಿನ ವಾಲ್ವ್ ತೆರೆದು ನಿಂತಿದೆ ಅಥವಾ ಪಿಸ್ಟನ್ ರಿಂಗಿನ ಸಂದಿಯಿಂದ ತುಸು ಗಾಳಿ ಇಳಿದಿದೆ. ಕ್ರ್ಯಾಂಕನ್ನು ಕೈಯಿಂದ ಸ್ವಲ್ಪ ತಿರುಗಿಸಿ ಮತ್ತೆ ಕೇಳಿ. ಸ್ಮೋಕ್ ಮೆಷಿನ್ ಒಳ್ಳೆಯ ಸಾಧನವೇ, ಆದರೆ ಅದರ ಒತ್ತಡ ತೀರಾ ಕಡಿಮೆ. ಬೂಸ್ಟಿನಲ್ಲಿ ಮಾತ್ರ ತೆರೆಯುವ ಸೀಳನ್ನು ಅದು ತೋರಿಸದೆ ಹೋಗಬಹುದು.

ಸೋರಿಕೆಯನ್ನು "ಆಮೇಲೆ ನೋಡೋಣ" ಎಂದು ಮುಂದೂಡುವವರಿಗೆ ಒಂದು ಮಾತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿದಿಡುವ ಡಿಪಿಎಫ್ ಇರುತ್ತದೆ. ಹಳೆಯ ಗಾಡಿಯಾದರೆ ಗಾಳಿ ಸಾಲದೆ ಕಪ್ಪು ಹೊಗೆ ಉಗುಳಿ ರೋಗ ತೋರಿಸಿಕೊಳ್ಳುತ್ತಿತ್ತು. ಈಗಿನ ಗಾಡಿಯಲ್ಲಿ ಆ ಮಸಿಯೆಲ್ಲ ಡಿಪಿಎಫ್‌ನೊಳಗೇ ತುಂಬುತ್ತದೆ. ಗಿರಾಕಿ ಡಿಪಿಎಫ್ ಲೈಟ್ ಬಂತೆಂದು ಗಾಡಿ ತರುತ್ತಾರೆ. ಕಾರಣ ಮುಂದಿನ ಬಂಪರ್ ಹಿಂದಿನ ಹೋಸಿನಲ್ಲಿರುತ್ತದೆ.

ಒತ್ತಡವೂ ಇಲ್ಲ, ಗಾಳಿಯೂ ಇಲ್ಲ ಎಂದಾಗ

ಮಳೆಗಾಲದಲ್ಲಿ ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ನಮ್ಮ ಜೂನ್, ಜುಲೈ ಮಳೆಗೆ ನೆಂದ ಕಾಗದದ ಫಿಲ್ಟರ್ ಊದಿ ಗಾಳಿಯನ್ನು ತಡೆಯುತ್ತದೆ. ಫಿಲ್ಟರ್ ಡಬ್ಬಿಯ ತಳದ ನೀರು ಹೋಗುವ ತೂತನ್ನು ಎಲೆ ಮಣ್ಣು ಮುಚ್ಚಿದ್ದರೆ ಬಿಡಿಸಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕಣದ ಪಕ್ಕ, ಪಲ್ಪರ್ ಪಕ್ಕ ನಿಲ್ಲುವ ಗಾಡಿಗೆ ಹೊಟ್ಟು ಮತ್ತು ಧೂಳಿನ ಪಾಲು ಬೇರೆ.

ಆಮೇಲೆ ಟರ್ಬೊವಿನ ಹಿಡಿತ. ಡೀಸೆಲ್ ಗಾಡಿಗಳ ವಿಜಿಟಿ ಟರ್ಬೊದಲ್ಲಿ ಹೊಗೆಯ ದಾರಿಯನ್ನು ಕಿರಿದು ಮಾಡುವ ಸಣ್ಣ ರೆಕ್ಕೆಗಳಿರುತ್ತವೆ. ವ್ಯಾಕ್ಯೂಮ್‌ನಿಂದ ನಡೆಯುವ ಬಗೆಯಾದರೆ ವ್ಯಾಕ್ಯೂಮ್ ಎಳೆದಾಗ ರೆಕ್ಕೆ ಮುಚ್ಚಿ ಬೂಸ್ಟ್ ಏರುತ್ತದೆ, ವ್ಯಾಕ್ಯೂಮ್ ಇಲ್ಲದಿದ್ದರೆ ರೆಕ್ಕೆ ತೆರೆದೇ ಉಳಿದು ಬೂಸ್ಟ್ ಬರುವುದಿಲ್ಲ. ಒಬ್ಬರು ಎಂಜಿನ್ ಸ್ಟಾರ್ಟ್ ಮಾಡಲಿ, ಇನ್ನೊಬ್ಬರು ಆಕ್ಚುಯೇಟರಿನ ರಾಡ್ ನೋಡಲಿ. ಇಂಥ ಬಹುಪಾಲು ಗಾಡಿಗಳಲ್ಲಿ ಸ್ಟಾರ್ಟ್ ಆದ ಕೂಡಲೇ ರಾಡ್ ಸುಮಾರು ಒಂದು ಸೆಂಟಿಮೀಟರ್ ಎಳೆದುಕೊಂಡು, ಆಫ್ ಮಾಡಿದಾಗ ವಾಪಸ್ ಬರುತ್ತದೆ. ಕದಲಲೇ ಇಲ್ಲವಾದರೆ ಕೈಪಂಪಿನಿಂದ ನೇರ ಆಕ್ಚುಯೇಟರಿಗೆ ವ್ಯಾಕ್ಯೂಮ್ ಕೊಡಿ. ರಾಡ್ ನಯವಾಗಿ ಚಲಿಸಿ ಹಿಡಿದು ನಿಂತರೆ ಅದು ಸರಿ; ತೊಂದರೆ ಹಿಂದೆ, ಪೈಪಿನಲ್ಲಿ ಅಥವಾ ವ್ಯಾಕ್ಯೂಮ್ ಬಿಡುವ, ತಡೆಯುವ ವಿದ್ಯುತ್ ವಾಲ್ವಾದ ಸೊಲೆನಾಯ್ಡ್‌ನಲ್ಲಿದೆ. ಗೇಜಿನ ಮುಳ್ಳು ನಿಲ್ಲದೆ ಇಳಿದರೆ ಒಳಗಿನ ಡಯಾಫ್ರಾಮ್ ಹರಿದಿದೆ. ಮುಳ್ಳು ನಿಂತಿದ್ದೂ ರಾಡ್ ತಡೆತಡೆದು ಬಂದರೆ ರೆಕ್ಕೆಗಳಿಗೆ ಮಸಿ ಕಚ್ಚಿದೆ.

ವ್ಯಾಕ್ಯೂಮ್ ಪೈಪನ್ನು ಪಂಪಿನಿಂದ ಸೊಲೆನಾಯ್ಡ್‌ವರೆಗೆ, ಅಲ್ಲಿಂದ ಆಕ್ಚುಯೇಟರಿನವರೆಗೆ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ತೋಟದ ಮನೆಯ ಶೆಡ್ಡಿನಲ್ಲಿ ವಾರಗಟ್ಟಲೆ ನಿಂತ ಗಾಡಿಯಾದರೆ ಇಲಿ ಹಲ್ಲಿನ ಗುರುತು ಹುಡುಕಿ. ಸೊಲೆನಾಯ್ಡ್‌ಗೆ ಮೂರು ಬಾಯಿ: ಪಂಪಿನದು, ಆಕ್ಚುಯೇಟರಿನದು, ಹೊರಗಾಳಿಯದು. ಮೂರನೆಯದರಲ್ಲಿ ಚಿಕ್ಕ ಫಿಲ್ಟರ್ ಇರುತ್ತದೆ. ಅದು ಕಟ್ಟಿದರೆ, ಕಣಜ ಮಣ್ಣು ಮೆತ್ತಿದರೂ ಅಷ್ಟೆ, ವ್ಯಾಕ್ಯೂಮ್ ಬಿಡುಗಡೆಯಾಗದೆ ಒತ್ತಡ ಮಿತಿ ಮೀರುತ್ತದೆ. ಸೊಲೆನಾಯ್ಡ್ ಸುರುಳಿಯ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10ರಿಂದ 20 ಓಮ್. ನಿಖರ ಅಂಕೆಗೆ ಆ ಗಾಡಿಯ ಮ್ಯಾನ್ಯುಯಲ್ಲೇ ಗತಿ. ಎಲೆಕ್ಟ್ರಾನಿಕ್ ಆಕ್ಚುಯೇಟರ್ ಇದ್ದರೆ ಸ್ಕ್ಯಾನರಿನಿಂದಲೇ ಆಡಿಸಿ ನೋಡಬಹುದು. ಅದನ್ನು ಬದಲಿಸಿದ ಮೇಲೆ ಕಲಿಸುವ ವಿಧಾನ, ಅಂದರೆ ಅಡಾಪ್ಟೇಶನ್, ಮಾಡದಿದ್ದರೆ ಹೊಸದೂ ಹಳೆಯದರಂತೆಯೇ ನಡೆದುಕೊಳ್ಳುತ್ತದೆ.

ರೆಕ್ಕೆ ಕಚ್ಚಿದ ಟರ್ಬೊದ ಲಕ್ಷಣ ವಿಚಿತ್ರ. ಒಮ್ಮೆ ಒತ್ತಡ ಕಡಿಮೆ, ಇನ್ನೊಮ್ಮೆ ಜಾಸ್ತಿ. ಏರಿನಲ್ಲಿ ಎಳೆಯುತ್ತಿದ್ದ ಹಾಗೇ ಒತ್ತಡ ಮಿತಿ ಮೀರಿ ಪಿ 0234 ಬಿದ್ದು ಗಾಡಿ ಲಿಂಪ್ ಮೋಡಿಗೆ, ಅಂದರೆ ಬಲ ಕಡಿತದ ಸ್ಥಿತಿಗೆ, ಹೋಗುತ್ತದೆ. ನಿಲ್ಲಿಸಿ, ಕೀ ತೆಗೆದು ಹಾಕಿದರೆ ಸರಿ. ಪಿ 0299, ಪಿ 0234 ಎರಡೂ ಕೋಡ್ ಒಟ್ಟಿಗೆ ಕಂಡರೆ ಸೋರಿಕೆಗಿಂತ ರೆಕ್ಕೆಯ ಕಡೆಗೇ ಬೆರಳು. ಪೈಪಿನೊಳಗೆ ಹೊಡೆಯುವ ಕ್ಲೀನರ್ ಸ್ಪ್ರೇ ಬಗ್ಗೆ ಹೆಚ್ಚು ಆಸೆ ಬೇಡ. ಗಟ್ಟಿಯಾದ ಮಸಿ ಟರ್ಬೊ ಬಿಚ್ಚಿ ಶುಚಿ ಮಾಡಿದರೆ ಮಾತ್ರ ಬಿಡುತ್ತದೆ. ಬಿಚ್ಚುವಾಗ ಆಕ್ಚುಯೇಟರ್ ರಾಡಿನ ಸ್ಟಾಪ್ ಸ್ಕ್ರೂ ಮುಟ್ಟಬೇಡಿ. ಅದು ಕಾರ್ಖಾನೆಯಲ್ಲಿ ಅಳೆದು ಕೂರಿಸಿದ್ದು.

ಪೆಟ್ರೋಲ್ ಟರ್ಬೊದಲ್ಲಿ ರೆಕ್ಕೆಯ ಬದಲು ಬಹುತೇಕ ವೇಸ್ಟ್‌ಗೇಟ್ ಇರುತ್ತದೆ. ಅದರ ಮುಚ್ಚಳ ಪೂರ್ತಿ ಕೂರದಿದ್ದರೆ ಹೊಗೆ ಟರ್ಬೊ ಚಕ್ರವನ್ನು ತಪ್ಪಿಸಿ ಹೋಗುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಗಾಳಿ ಮರಳಿಸುವ ಡೈವರ್ಟರ್ ವಾಲ್ವಿನ ಡಯಾಫ್ರಾಮ್ ಹರಿದರೂ ಬೂಸ್ಟ್ ಉಳಿಯದು. ಇವೆರಡನ್ನು ನೋಡಿದರೆ ಪೆಟ್ರೋಲಿನ ಹೆಚ್ಚಿನ ಕೆಲಸ ಮುಗಿಯಿತು.

ಹೊಗೆ ಹೊರಹೋಗುವ ದಾರಿ ಕಟ್ಟಿದರೂ ಟರ್ಬೊ ತಿರುಗದು. ಮನೆಯಿಂದ ತೋಟಕ್ಕೆ, ತೋಟದಿಂದ ಪೇಟೆಗೆ ಮೂರು ನಾಲ್ಕು ಕಿಲೋಮೀಟರ್ ಮಾತ್ರ ಓಡುವ ಡೀಸೆಲ್ ಗಾಡಿ ನಮ್ಮಲ್ಲಿ ಬಹಳ. ಡಿಪಿಎಫ್‌ನ ಮಸಿ ಸುಟ್ಟು ಹೋಗಲು ಸುಮಾರು 600 ಡಿಗ್ರಿ ಬಿಸಿ ಬೇಕು, ಅಷ್ಟು ದೂರದಲ್ಲಿ ಅದು ಬರುವುದಿಲ್ಲ. ಘಾಟಿ ಇಳಿಯುವಾಗ ಎಂಜಿನ್ ಬ್ರೇಕಿನಲ್ಲಂತೂ ಹೊಗೆ ತಣ್ಣಗೇ ಇರುತ್ತದೆ. ಡಿಪಿಎಫ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ ಎಂಜಿನ್ ನಿಂತಾಗ ಸೊನ್ನೆ ಇರಬೇಕು, ಐಡಲ್‌ನಲ್ಲಿ ಕೆಲವೇ ಮಿಲಿಬಾರ್. ನಿಂತಾಗಲೇ ಸೊನ್ನೆ ಇಲ್ಲದಿದ್ದರೆ ಸೆನ್ಸರ್ ಅಥವಾ ಅದರ ಹೋಸು ಕೆಟ್ಟಿದೆ. ಟರ್ಬೊಗಿಂತ ಮೊದಲಿನ ಮ್ಯಾನಿಫೋಲ್ಡ್ ಬಿರುಕು, ಗ್ಯಾಸ್ಕೆಟ್ ಸೋರಿಕೆಯನ್ನು ತಣ್ಣನೆಯ ಎಂಜಿನ್ನಿನಲ್ಲಿ ಕೇಳುವ 'ಟಿಕ್ ಟಿಕ್' ಮತ್ತು ಸುತ್ತಲಿನ ಕಪ್ಪು ಮಸಿ ಹೇಳಿಬಿಡುತ್ತವೆ.

ಕೊನೆಗೆ ಟರ್ಬೊ

ಹೋಸು ಬಿಚ್ಚಿ, ತಣ್ಣಗಿರುವಾಗ ಶಾಫ್ಟ್ ಹಿಡಿದು ಆಡಿಸಿ. ಅಕ್ಕಪಕ್ಕ ತುಸು ಅಲುಗುವುದು ತಪ್ಪಲ್ಲ, ಆಯಿಲ್ ಪದರದ ಬೇರಿಂಗಿಗೆ ಅಷ್ಟು ಸಡಿಲ ಬೇಕೇ ಬೇಕು. ಹಿಂದೆಮುಂದೆ ಕೈಗೆ ತಿಳಿಯುವಷ್ಟು ಆಡಬಾರದು. ಚಕ್ರದ ರೆಕ್ಕೆ ಗೋಡೆಗೆ ಉಜ್ಜಿದ ಹೊಳಪಿನ ಗೆರೆ ಕಂಡರೆ, ಅಂಚು ಗರಗಸದಂತೆ ತಿಂದಿದ್ದರೆ ಅದರ ಆಯುಷ್ಯ ಮುಗಿಯಿತು.

ಹೊಸದು ಕೂರಿಸುವ ಮೊದಲು ಹಳೆಯದು ಸತ್ತ ಕಾರಣ ಸಿಗಬೇಕು. ಆಯಿಲ್ ಬರುವ ಸಣ್ಣ ಪೈಪು ಮತ್ತು ಅದನ್ನು ಕೂಡಿಸುವ ಟೊಳ್ಳು ಬೋಲ್ಟಿನ (ಬ್ಯಾಂಜೊ) ಜಾಲರಿ ಕಟ್ಟಿದ್ದರೆ ಹೊಸ ಟರ್ಬೊವೂ ಒಣಗಿ ಸಾಯುತ್ತದೆ. ಪೈಪನ್ನು ತೊಳೆಯುವುದಕ್ಕಿಂತ ಬದಲಿಸುವುದು ಅಗ್ಗ. ಆಯಿಲ್ ವಾಪಸ್ ಹೋಗುವ ದಪ್ಪ ಪೈಪು ಕಟ್ಟಿದರೆ ಆಯಿಲ್ ಶಾಫ್ಟಿನ ಎರಡು ಬದಿಗೂ ದಾಟುತ್ತದೆ. ಅಲ್ಲಿ ರಬ್ಬರ್ ಸೀಲ್ ಇಲ್ಲ, ಇರುವುದು ಪಿಸ್ಟನ್ ರಿಂಗಿನಂಥ ಉಂಗುರ. ಆಯಿಲ್ ತಡೆಯುವುದು ಅದೊಂದರಿಂದ ಆಗದ ಕೆಲಸ. ಇಂಟರ್‌ಕೂಲರಿನಲ್ಲಿ ನಿಂತ ಆಯಿಲ್ ಮತ್ತು ಲೋಹದ ಚೂರು ತೆಗೆಯದೆ ಸ್ಟಾರ್ಟ್ ಮಾಡಬೇಡಿ. ಡೀಸೆಲ್ ಎಂಜಿನ್ ಆ ಆಯಿಲನ್ನೇ ಇಂಧನ ಮಾಡಿಕೊಂಡು ಕೀ ತೆಗೆದರೂ ನಿಲ್ಲದೆ ಓಡಬಹುದು.

ಹೊಸ ಟರ್ಬೊದ ಆಯಿಲ್ ಬಾಯಿಗೆ ಶುದ್ಧ ಆಯಿಲ್ ಸುರಿದು ಶಾಫ್ಟನ್ನು ಕೈಯಿಂದ ತಿರುಗಿಸಿ. ಆಯಿಲ್, ಆಯಿಲ್ ಫಿಲ್ಟರ್ ಹೊಸದಿರಲಿ. ಇಂಜೆಕ್ಟರ್ ತಡೆದು, ಆಯಿಲ್ ಒತ್ತಡದ ದೀಪ ಆರುವವರೆಗೆ ಸ್ಟಾರ್ಟರಿನಿಂದ ಮಾತ್ರ ಸುತ್ತಿಸಿ. ಆಮೇಲೆ ಸ್ಟಾರ್ಟ್ ಮಾಡಿ ಕೆಲವು ನಿಮಿಷ ಐಡಲ್‌ನಲ್ಲೇ ಬಿಟ್ಟು ಸೋರಿಕೆ ನೋಡಿ. ಎಂಜಿನ್ ಬಿಸಿಯಾದ ಮೇಲೆ ಕುಶಾಲನಗರದ ಅದೇ ರಸ್ತೆಯಲ್ಲಿ, ಅದೇ ಮೂರನೇ ಗೇರಿನಲ್ಲಿ, 1,500ರಿಂದ 3,000ಕ್ಕೆ ಮತ್ತೊಮ್ಮೆ ಎಳೆಸಿ, ಮೊದಲ ರೆಕಾರ್ಡಿನ ಪಕ್ಕ ಇದನ್ನಿಡಿ. ಬಯಸಿದ ಒತ್ತಡ ಬಂದಿದ್ದೂ ಆಜ್ಞೆ ಇನ್ನೂ ತುದಿಯಲ್ಲೇ ಇದ್ದರೆ ಬಿಲ್ ಬರೆಯಬೇಡಿ. ಎಲ್ಲೋ ಒಂದು ಕ್ಲಾಂಪು ಬಿಗಿಯಾಗಿಲ್ಲ.